ಒಂದೇ ಥಾನಿನ ಸಂಸಾರ

ಉಳಿತಾಯ ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಅದಕ್ಕೆ ದೂರದೃಷ್ಟಿ ಬೇಕು, ಎದೆಗಾರಿಕೆ ಬೇಕು, ಹೆಂಡತಿ ಏನಾದರೂ ಹೇಳುವಾಗ ಬೇರೆ ಕಡೆ ನೋಡುವ ಅಭ್ಯಾಸ ಬೇಕು. ಇವೆಲ್ಲ ನನ್ನಲ್ಲಿ ಧಾರಾಳವಾಗಿವೆ ಎಂಬ ನಂಬಿಕೆಯಿಂದ, ಮಗಳು ಮೂರನೇ ಕ್ಲಾಸಿಗೆ ಕಾಲಿಟ್ಟ ವರ್ಷ ನಾನು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ:

“ಇನ್ನು ಮೇಲೆ ಈ ಮನೆಗೆ ಒಂದೇ ಕಾನೂನು. ಹಾಸಿಗೆ ಇದ್ದಷ್ಟು ಕಾಲು ಚಾಚು!”

“ಮೊದಲು ಆ ಹಾಸಿಗೆಗೆ ಒಂದು ಮೇಲುಹಾಸು ತನ್ನಿ,” ಎಂದಳು ಹೆಂಡತಿ. “ಇರೋದು ಹರಿದು ಜಾಲರಿ ಆಗಿದೆ. ಮಲಗಿದ್ರೆ ಕಾಲಿನ ಹೆಬ್ಬೆರಳು ಸಿಕ್ಕಿಹಾಕ್ಕೊಳ್ಳುತ್ತೆ.”

ಅವಳು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಕೆಲಸದಲ್ಲಿದ್ದಾಳೆ. ಮನೆಯಲ್ಲೂ ಅವಳ ಮಾತು ಹಾಗೆಯೇ, ಒಮ್ಮೆ ಬಿದ್ದರೆ ಅಳಿಸಲು ಬರುವುದಿಲ್ಲ. ನಾನು ಪೈಪು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತ. ಒಂದು ವಾಷರ್ ಹೆಚ್ಚಿಗೆ ಹೋದರೂ ನಿದ್ದೆ ಬಾರದ ಜೀವ. ಆದ್ದರಿಂದ ಮೇಲುಹಾಸು ತರಲು ಹೊರಟವನು ಬರೀ ಮೇಲುಹಾಸು ತಂದುಬಿಟ್ಟರೆ ನನ್ನ ವೃತ್ತಿಗೇ ಅವಮಾನ.

ಬಟ್ಟೆ ಅಂಗಡಿಯ ಅಟ್ಟದಲ್ಲಿ ಸುರುಳಿ ಸುತ್ತಿಕೊಂಡು ಧೂಳು ಹಿಡಿದು ಮಲಗಿದ್ದ ಬಟ್ಟೆಯ ಒಂದು ಇಡೀ ಥಾನು ನನ್ನ ಕಣ್ಣಿಗೆ ಬಿತ್ತು. ನಮ್ಮ ಮನೆಯ ಗ್ಯಾಸ್ ಸಿಲಿಂಡರಿಗಿಂತ ದಪ್ಪ. ಅರಿಸಿನದ ಬಣ್ಣದ ನೆಲ, ಅದರ ಮೇಲೆ ಅಂಗೈ ಅಗಲದ ಹಸಿರು ಹೂವುಗಳು, ಹೂವುಗಳ ನಡುವೆ ಜಾಗ ವ್ಯರ್ಥವಾಗಬಾರದೆಂದು ಕಂದು ಬಣ್ಣದ ಎಲೆಗಳು. ನೇಯ್ದವನೂ ನನ್ನಂಥವನೇ ಇರಬೇಕು.

“ಅದು ಏನು ಬೆಲೆ?”

ಅಂಗಡಿಯವನು ನನ್ನನ್ನು ನೋಡಿದ, ಥಾನನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. “ಇಡೀದು ತಗೋತೀರಾ ಸಾರ್? ತಗೊಂಡ್ರೆ ನೀವು ಹೇಳಿದ್ದೇ ರೇಟು.”

“ಬಣ್ಣ ಹೋಗುತ್ತಾ?”

“ಹೋಗಲ್ಲ ಸಾರ್. ಹೋಗು ಅಂದ್ರೂ ಹೋಗಲ್ಲ.”

ಕೊನೆಯ ಮಾತನ್ನು ಅವನು ಕೊಂಚ ನೋವಿನಿಂದಲೇ ಹೇಳಿದಂತಿತ್ತು. ನಾನು ನಾಚಿಕೆ ಬಿಟ್ಟು ಒಂದು ಬೆಲೆ ಹೇಳಿದೆ. ಅವನು ಅದಕ್ಕಿಂತ ನಾಚಿಕೆ ಬಿಟ್ಟು ಒಪ್ಪಿಕೊಂಡ. ಥಾನನ್ನು ಆಟೋಗೆ ತಾನೇ ಹೊತ್ತು ತಂದು ಹಾಕಿದ. ನಾನು ಹತ್ತಿ ಕೂರುವಷ್ಟರಲ್ಲಿ ಅಂಗಡಿಯ ಶಟರ್ ಎಳೆದುಬಿಟ್ಟ. ಊಟಕ್ಕೆ ಹೊರಟಿರಬೇಕು ಎಂದುಕೊಂಡೆ.

ಮನೆಯಲ್ಲಿ ಅಮ್ಮನ ಕಾಲದ ಹೊಲಿಗೆ ಯಂತ್ರವಿತ್ತು. ಟೈಲರಿಗೆ ಏಕೆ ಕೊಡಬೇಕು? ನಾನೇ ಕೂತೆ. ದಾರವೂ ಉಳಿಯಲಿ ಎಂದು ಹೊಲಿಗೆಯನ್ನು ಉದ್ದ ಮಾಡಿದೆ. ಒಂದು ಹೊಲಿಗೆಗೂ ಇನ್ನೊಂದಕ್ಕೂ ನಡುವೆ ಕಿರುಬೆರಳು ತೂರುತ್ತಿತ್ತು. ಗಾಳಿಯಾಡಲು ಒಳ್ಳೆಯದು. ಮೇಲುಹಾಸು ಆಯಿತು, ದಿಂಬಿನ ಗವಸು ಆಯಿತು, ಕಿಟಕಿ ಪರದೆ ಆಯಿತು, ಸೋಫಾದ ಹೊದಿಕೆ ಆಯಿತು, ನನಗೆ ವಾರಕ್ಕಾಗುವಷ್ಟು ಶರ್ಟು, ಅದಕ್ಕೆ ಜೊತೆಯಾಗಿ ಪೈಜಾಮ ಆಯಿತು. ಥಾನು ಮಾತ್ರ ಇನ್ನೂ ಸಿಲಿಂಡರಿನಷ್ಟೇ ಇತ್ತು.

“ನಿನಗೂ ಒಂದು...” ಎಂದು ಹೆಂಡತಿಯ ಅಳತೆಗೆ ಟೇಪು ಹಿಡಿದೆ.

“ನಾನು ಅಂಚೆ ಕಚೇರೀಲಿ ಕೂತ್ಕೊಳ್ಳೋಳು,” ಎಂದಳು. “ಸೋಫಾ ಅಂಗಡೀಲಲ್ಲ.”

ಮುದ್ರೆ ಬಿತ್ತು. ನಾನು ಟೇಪು ಸುತ್ತಿಟ್ಟೆ.

ಸ್ಟೋರಿನಲ್ಲಿ ನನ್ನ ಕೀರ್ತಿ ಬೇಗ ಹಬ್ಬಿತು. ಸೋಮವಾರ ಹಸಿರು ಹೂವು, ಮಂಗಳವಾರ ಹಸಿರು ಹೂವು. ಗುರುವಾರದ ಹೊತ್ತಿಗೆ ಕ್ಯಾಷಿಯರ್ ನನ್ನಿಂದ ಒಂದು ಕುರ್ಚಿ ದೂರ ಕೂರತೊಡಗಿದ. ಶನಿವಾರ ನನ್ನ ಮೇಜಿನ ಮೇಲೆ ಯಾರೋ ಸದ್ದಿಲ್ಲದೆ ಒಂದು ಬಟ್ಟೆ ಸೋಪು ಇಟ್ಟು ಹೋಗಿದ್ದರು. ಇವೆಲ್ಲ ಬೇರೆ ಬೇರೆ ಶರ್ಟು ಎಂದು ವಿವರಿಸಬಹುದಿತ್ತು. ಆದರೆ ಸೋಪು ವಾಪಸು ಕೊಡಬೇಕಾಗುತ್ತಿತ್ತು. ಮನೆಗೆ ತಂದೆ.

ಇನ್ನೊಂದು ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಒಂದು ಭಾನುವಾರ ನಾನು ಸೋಫಾದ ಮೇಲೆ ಗೋಡೆಯ ಕಡೆ ಮುಖ ಮಾಡಿ ಒರಗಿದ್ದೆ. ನಮ್ಮ ಮಾವನವರು ಬಂದರು, ಕೂತರು, ಪೇಪರು ಬಿಡಿಸಿದರು. ಅವರು ಕೂತಿದ್ದು ನನ್ನ ಸೊಂಟದ ಮೇಲೆ. ಹೆಣ್ಣು ಕೊಟ್ಟ ಮಾವ, ಏಳಿ ಎನ್ನುವುದು ಹೇಗೆ? ಸಂಪಾದಕೀಯ ಮುಗಿಯುವವರೆಗೂ ಉಸಿರು ಬಿಗಿ ಹಿಡಿದೆ. ಹೊರಡುವಾಗ ನನ್ನ ಹೆಂಡತಿಗೆ ಹೇಳಿದರಂತೆ, “ಸೋಫಾ ಮೆತ್ತಗಿದೆ ಕಣಮ್ಮ. ಸ್ವಲ್ಪ ಬಿಸಿ.” ಬುದ್ಧಿ ಇದ್ದವನಿಗೆ ಇಷ್ಟು ಎಚ್ಚರಿಕೆ ಸಾಕಿತ್ತು. ನಾನು ಅದನ್ನು ನನ್ನ ಹೊಲಿಗೆಗೆ ಬಂದ ಪ್ರಶಂಸೆ ಎಂದು ಸ್ವೀಕರಿಸಿದೆ.

ಇನ್ನು ನನ್ನ ಮಗಳ ವಿಷಯ. ಅವಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಆಳು ಚೋಟುದ್ದ, ಗಂಟಲು ಮಾತ್ರ ಡಂಗುರ. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳನ್ನು ಗುಂಪು ನೃತ್ಯದ ಕೊನೆಯ ಸಾಲಿನಲ್ಲಿ, ಒಬ್ಬ ಎತ್ತರದ ಹುಡುಗಿಯ ಹಿಂದೆ ನಿಲ್ಲಿಸಿದ್ದರು. ಮನೆಗೆ ಬರುವ ದಾರಿಯಲ್ಲಿ ಕೇಳಿದಳು:

“ಅಪ್ಪಾ, ನಾನು ಕಾಣಿಸಿದ್ನಾ?”

“ಬಲಗೈ ತುಂಬ ಚೆನ್ನಾಗಿ ಕಾಣಿಸ್ತು ಕಂದಾ,” ಎಂದೆ. ನಿಜವನ್ನೇ ಹೇಳಿದ್ದೆ. ಆ ದಿನ ಅವಳು ಊಟ ಮಾಡಲಿಲ್ಲ.

ಈ ವರ್ಷ ಅವಳ ಗಂಟಲಿನ ಪುಣ್ಯದಿಂದ ನಾಟಕದಲ್ಲಿ ಪಾತ್ರ ಸಿಕ್ಕಿತು. ಅಂತಿಂಥ ಪಾತ್ರವಲ್ಲ, ಕಳ್ಳನಿಗೆ ನ್ಯಾಯ ಹೇಳುವ ಮಹಾರಾಣಿ! ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. “ಅಪ್ಪಾ, ಈ ಸಲ ನಾನು ಮಧ್ಯದಲ್ಲಿ ನಿಲ್ತೀನಿ. ಪೂರ್ತಿ ಕಾಣಿಸ್ತೀನಿ ಅಲ್ವಾ?”

“ಯಾರಿಗೆ ಕಾಣಲ್ಲ? ನೀನು ಪೂರ್ತಿ ಕಾಣೋ ಹಾಗೆ ಮಾಡೋದು ನನ್ನ ಜವಾಬ್ದಾರಿ,” ಎಂದು ಮಾತು ಕೊಟ್ಟೆ.

ಹೆಂಡತಿ ಹೇಳಿದಳು, “ಬಾಡಿಗೆ ಅಂಗಡೀಲಿ ಕೆಂಪು ಮಖಮಲ್ಲಿನ ಡ್ರೆಸ್ಸಿದೆ. ಕಿರೀಟಾನೂ ಕೊಡ್ತಾರೆ.”

“ಮನೇಲಿ ಥಾನು ಇಟ್ಕೊಂಡು ಬಾಡಿಗೆಗಾ?”

“ಅವಳು ಮಹಾರಾಣಿ ಕಣ್ರೀ! ಕಿಟಕಿ ಅಲ್ಲ!”

ನಾನು ಬೇರೆ ಕಡೆ ನೋಡಿದೆ. ಮಣಿಕಟ್ಟಿನವರೆಗೆ ತೋಳು, ನೆಲ ಗುಡಿಸುವ ನೆರಿಗೆ, ಹಿಂದೆ ಇಳಿಬಿದ್ದ ಮೇಲಂಗಿ, ಎಲ್ಲ ಅದರಲ್ಲೇ ಹೊಲಿದೆ. ಕಿರೀಟಕ್ಕೆ ಚಿನ್ನದ ಕಾಗದ ತರುವ ಬದಲು ರಟ್ಟಿಗೆ ಅದೇ ಬಟ್ಟೆ ಅಂಟಿಸಿದೆ. ಗುಬ್ಬಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಒಂದು ಸುತ್ತು ತಿರುಗಿ ನೋಡಿಕೊಂಡಳು. ಆಮೇಲೆ, “ಮಧ್ಯದಲ್ಲಿ ನಿಲ್ತೀನಲ್ಲ, ಪರವಾಗಿಲ್ಲ,” ಎಂದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಗೃಹಸ್ಥನಾಗಿಯೇ ಉಳಿಯುತ್ತಿದ್ದೆ. ಆದರೆ ನಾಟಕಕ್ಕೆ ಪ್ರತಿ ಮಗುವಿನಿಂದಲೂ ಖರ್ಚಿನ ಪಾಲು ಕೇಳಿದ್ದರು. ಅದನ್ನು ಮಾಫಿ ಮಾಡಿಸಿಕೊಳ್ಳಲು ಮುಖ್ಯೋಪಾಧ್ಯಾಯಿನಿಯವರನ್ನು ಕಾಣಲು ಹೋದೆ. ಅವರು ರಂಗದ ಹಿಂದಿನ ಪರದೆಯನ್ನು ಇಲಿ ಕಡಿದು ಹಾಕಿದೆಯೆಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

“ಪರದೆ ನಾನು ಕೊಡ್ತೀನಿ ಮೇಡಂ,” ಎಂದೆ. ನನ್ನ ದನಿ ನನಗೇ ದಾನಶೂರನ ದನಿಯಂತೆ ಕೇಳಿಸಿತು. “ನಮ್ಮ ಪಾಲೊಂದು ಬಿಟ್ಟುಬಿಡಿ.”

ಹೀಗೆ ಉಳಿದ ಥಾನು ಪರದೆಯಾಯಿತು. ಹೆಂಡತಿಗೆ ಆಶ್ಚರ್ಯವಾಗಲಿ ಎಂದು ಹೇಳಲಿಲ್ಲ. ಅವಳು ಕಚೇರಿಗೆ ಹೋದಾಗ ಅದೇ ಉದ್ದ ಹೊಲಿಗೆಯಲ್ಲಿ ಹೊಲಿದು, ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಗಂಟು ಕಟ್ಟಿ ಶಾಲೆಯ ಜವಾನನ ಕೈಗೆ ಕೊಟ್ಟು ಬಂದೆ. ಖರ್ಚಿಲ್ಲದೆ ಡ್ರೆಸ್ಸು, ಖರ್ಚಿಲ್ಲದೆ ಪರದೆ, ಖರ್ಚಿಲ್ಲದೆ ಮರ್ಯಾದೆ! ಸಂಜೆ ಹೊಸ ಶರ್ಟು, ಹೊಸ ಪೈಜಾಮದ ಜೋಡಿ ತೊಟ್ಟು ಎರಡನೇ ಸಾಲಿನಲ್ಲಿ ಹೆಂಡತಿಯ ಪಕ್ಕ ಎದೆಯುಬ್ಬಿಸಿ ಕೂತೆ.

ಮುಂದಿನ ಪರದೆ ಸರಿಯಿತು. ಹಿಂದೆ ನನ್ನ ಪರದೆ ಜಗಜಗಿಸುತ್ತಿತ್ತು. ಕಹಳೆ ಊದಿದರು. ಮಹಾರಾಣಿ ಪ್ರವೇಶಿಸಿದಳು.

ಅಂದರೆ, ಮಹಾರಾಣಿಯ ಮುಖ ಪ್ರವೇಶಿಸಿತು. ಬರೀ ಮುಖ. ನೆಲದಿಂದ ಒಂದು ಗಜ ಮೇಲೆ, ಹಸಿರು ಹೂವುಗಳ ನಡುವೆ ತೇಲುತ್ತ ಬಂದು ರಂಗದ ಮಧ್ಯದಲ್ಲಿ ನಿಂತಿತು. ಅದರ ಎರಡೂ ಬದಿಯಲ್ಲಿ ಎರಡು ಪುಟ್ಟ ಕೈಗಳು ತಾವಾಗಿಯೇ ಆಡುತ್ತಿದ್ದವು.

“ಅಮ್ಮಾ, ತಲೆ!” ಎಂದು ಮುಂದಿನ ಸಾಲಿನ ಮಗುವೊಂದು ಕಿರುಚಿತು.

“ಒಳ್ಳೆ ಟ್ರಿಕ್ಕು ಮಾಡಿದ್ದಾರೆ,” ಎಂದರು ನನ್ನ ಹಿಂದೆ ಕೂತವರು. “ದೆವ್ವದ ನಾಟಕ ಇರಬೇಕು.”

“ನಿಲ್ಲಿ!” ಎಂದು ತಲೆ ಗುಡುಗಿತು. “ಈ ರಾಜ್ಯದಲ್ಲಿ ನನ್ನ ಕಣ್ಣು ತಪ್ಪಿಸಿ ಯಾರೂ ಓಡಲಾರರು!”

ಮಹಾರಾಣಿಗೆ ನಮಸ್ಕರಿಸಬೇಕಾಗಿದ್ದ ಭಟ ಅತ್ತಿತ್ತ ನೋಡಿ, ಸುಮಾರಾಗಿ ಅಂದಾಜು ಮಾಡಿ, ಪರದೆಯ ಬೇರೊಂದು ಮೂಲೆಗೆ ಭಕ್ತಿಯಿಂದ ಬಾಗಿದ. ಸಭೆ ಹೋ ಎಂದು ನಕ್ಕಿತು.

ಗುಬ್ಬಿ ಮುಂದಿನ ಮಾತು ಮರೆತಳು. ಕಣ್ಣುಗಳು ಸಾಲು ಸಾಲಾಗಿ ಹುಡುಕುತ್ತ ಬಂದು ನನ್ನ ಮೇಲೆ ನಿಂತವು. ಮೈ ಕಾಣದೆ ಬರೀ ಮುಖವೇ ಇದ್ದಾಗ ತುಟಿ ನಡುಗುವುದು ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಮಾತು ಕೊಟ್ಟವನು ನಾನು. ಅಳಿಸಿಹಾಕಿದವನೂ ನಾನೇ.

“ರೀ,” ಎಂದಳು ಹೆಂಡತಿ, ರಂಗದಿಂದ ಕಣ್ಣು ಕೀಳದೆ. “ಆ ಪರದೆ...”

“ಹೂಂ.”

“ನಮ್ಮದಾ?”

“ಹೂಂ.”

“ಏಳಿ.”

ಎದ್ದೆ. ಬೂಟು ಕಳಚಿಟ್ಟು ಪಕ್ಕದ ಮೆಟ್ಟಿಲಿನಿಂದ ರಂಗ ಹತ್ತಿದೆ. ಪರದೆಯನ್ನು ಮೆಲ್ಲಗೆ ಬದಿಗೆ ಸರಿಸಿ ಇಳಿದುಬಿಡುವುದೆಂದು ನನ್ನ ಯೋಜನೆ. ಆದರೆ ನಾನು ಏನು ತೊಟ್ಟಿದ್ದೇನೆ ಎಂಬುದು ನೆನಪಾದದ್ದು ಸಭೆ ಎರಡನೇ ಸಲ ಹೋ ಎಂದಾಗ.

“ಇನ್ನೊಂದು ಬಂತು!” ಎಂದು ಆ ಮಗು ಕಿರುಚಿತು. “ಇದು ಬೊಕ್ಕತಲೆ!”

ಚಪ್ಪಾಳೆ ಬಿತ್ತು. ನಾನು ಗಾಬರಿಯಲ್ಲಿ ಪರದೆ ಹಿಡಿದು ಜಗ್ಗಿದೆ. ಟೈಲರು ಹೊಲಿದ ಪರದೆಯಾಗಿದ್ದರೆ ಜಗ್ಗಿದ್ದಕ್ಕೆ ಜಗ್ಗದೆ ನಿಲ್ಲುತ್ತಿತ್ತು. ಇದು ದಾರ ಉಳಿಸಿದ ಪರದೆ. ಪಟಪಟಪಟನೆ ಹೊಲಿಗೆ ಬಿಟ್ಟುಕೊಂಡು ಅಷ್ಟೂ ಬಟ್ಟೆ ಒಟ್ಟಿಗೆ ನನ್ನ ತಲೆಯ ಮೇಲೆ ಕುಸಿಯಿತು. ಕಾಲಿಗೆ ಸುತ್ತಿಕೊಂಡು ನಾನೂ ಬಿದ್ದೆ, ನಾಲ್ಕೂ ಕಾಲಿನ ಮೇಲೆ.

ಆಮೇಲೆ ನಡೆದದ್ದನ್ನು ಹೆಂಡತಿಯ ಬಾಯಿಂದ ಕೇಳಿ ಹೇಳುತ್ತಿದ್ದೇನೆ. ಪರದೆಯ ಹಿಂದೆ ಮುಖ್ಯೋಪಾಧ್ಯಾಯಿನಿಯವರು ಚಹಾದ ಕಪ್ಪನ್ನು ತುಟಿಗೆ ಹಿಡಿದು ನಿಂತಿದ್ದರಂತೆ. ಅವರು ಗಾಂಭೀರ್ಯ ಬಿಡದೆ, “ಮುಂದುವರಿಸಿ,” ಎಂದು ಹೇಳಿ ಬದಿಗೆ ಸರಿದರಂತೆ. ಅವರ ಹಿಂದೆ ಸುಣ್ಣ ಬಳಿದ ಬೆಳ್ಳನೆಯ ಗೋಡೆ. ಆ ಬಿಳಿ ಗೋಡೆಯ ಮುಂದೆ ಕಿರೀಟದಿಂದ ಹಿಡಿದು ನೆಲ ಗುಡಿಸುವ ನೆರಿಗೆಯವರೆಗೆ, ಅರಿಸಿನದ ಬಣ್ಣದಲ್ಲಿ ಹಸಿರು ಹೂವು ಬಿಟ್ಟುಕೊಂಡು, ನನ್ನ ಗುಬ್ಬಿ ಪೂರ್ತಿ ಕಾಣಿಸಿದಳಂತೆ. ಸಭೆಯಲ್ಲಿ ನಗು ನಿಂತು “ಆಹಾ” ಎಂಬ ಉಸಿರು ಕೇಳಿಬಂತು. ಅದು ನನಗೂ ಕೇಳಿಸಿತು.

ನಾನು ಏಳಲು ನೋಡಿದೆ. ಅಷ್ಟರಲ್ಲಿ ಮೇಲಿನಿಂದ ಡಂಗುರ ಮೊಳಗಿತು:

“ಭಟರೇ! ನಮ್ಮ ಸಿಂಹಾಸನ ಸಿದ್ಧವಾಗಿದೆ! ಕಳ್ಳನನ್ನು ಕರೆತನ್ನಿ!”

ನಾಟಕದಲ್ಲಿ ಸಿಂಹಾಸನವೇ ಇರಲಿಲ್ಲ. ನನ್ನ ಬೆನ್ನಿನ ಮೇಲೆ ಧೊಪ್ಪನೆ ಒಂದು ಭಾರ ಬಂದು ಕೂತಿತು. ಮಾವನವರ ಭಾರ ಅನುಭವಿಸಿದವನಿಗೆ ಇದೇನು ಮಹಾ? ಅಲ್ಲಾಡದೆ ನಿಂತೆ. ಮರೆತ ಮಾತುಗಳೆಲ್ಲ ಅವಳಿಗೆ ನೆನಪಾದವು. ಕಳ್ಳನಿಗೆ ಶಿಕ್ಷೆಯಾಯಿತು, ಬಡವನಿಗೆ ಹಸು ಮರಳಿತು, ಚಪ್ಪಾಳೆ ಕಿವಿ ಕಿತ್ತುಹೋಗುವಂತೆ ಬಿತ್ತು. ಆ ಗದ್ದಲದ ನಡುವೆ ಮಹಾರಾಣಿ ತನ್ನ ಸಿಂಹಾಸನದ ಕಡೆ ಬಾಗಿ ಪಿಸುಗುಟ್ಟಿದಳು:

“ಅಪ್ಪಾ, ಈಗ ಪೂರ್ತಿ ಕಾಣ್ತಿದೀನಾ?”

ಇಡೀ ಸಭಾಂಗಣದಲ್ಲಿ ಅವಳು ಕಾಣದಿದ್ದದ್ದು ಒಬ್ಬನಿಗೇ. ನನ್ನ ಕಣ್ಣ ಮುಂದೆ ಅಂಗೈ ಅಗಲದ ಒಂದು ಹಸಿರು ಹೂವಿತ್ತು. ಅದೂ ಯಾಕೋ ಮಂಜಾಗಿತ್ತು.

“ಪೂರ್ತಿ ಕಾಣ್ತಿದೀಯ ಕಂದಾ,” ಎಂದೆ.

ಮಾರನೆಯ ವಾರ ಶಾಲೆಯಲ್ಲಿ ಫೋಟೋ ಮಾರಿದರು. ಎಲ್ಲಕ್ಕಿಂತ ದೊಡ್ಡದನ್ನು ಚೌಕಾಸಿ ಮಾಡದೆ ಕೊಂಡೆ. ಗಾಜು ಹಾಕಿಸಿ, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ನೇತುಹಾಕಿದೆ. ನೆತ್ತಿಯಿಂದ ಅಂಗಾಲಿನವರೆಗೆ ಗುಬ್ಬಿ ಕಾಣುತ್ತಾಳೆ. ಅವಳ ಕೆಳಗೆ ಹೂವಿನ ಗುಡ್ಡೆ. ಗುಡ್ಡೆಯ ಒಂದು ತುದಿಯಿಂದ ಎರಡು ಪಾದಗಳು ಹೊರಗೆ ಬಂದಿವೆ. ಒಂದರ ಕಾಲುಚೀಲದಲ್ಲಿ ಹೆಬ್ಬೆರಳು ಇಣುಕುತ್ತಿದೆ.

ಮಾವನವರು ಬಂದವರು ಅದನ್ನು ಬಹಳ ಹೊತ್ತು ನೋಡಿ ಮೊಮ್ಮಗಳನ್ನು ಕೇಳಿದರು, “ಸಿಂಹಾಸನ ಮೆತ್ತಗಿತ್ತಾ ಮರಿ?”

“ಹೂಂ ತಾತಾ. ಸ್ವಲ್ಪ ಬಿಸಿ.”

ಹೆಂಡತಿ ಸೆರಗಿನಿಂದ ಗಾಜು ಒರೆಸುತ್ತಿದ್ದಳು. ಒರೆಸುತ್ತ ಒರೆಸುತ್ತ ಫೋಟೋದ ಕೆಳಗಿನ ಮೂಲೆಗೆ ಬಂದು ನಿಂತಳು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ರಲ್ಲ,” ಎಂದಳು. “ಇಡೀ ಥಾನು ಹೊದ್ಕೊಂಡ್ರೂ ನಿಮ್ಮ ಕಾಲು ಹೊರಗೇ ಇದೆ ನೋಡಿ!”