ಹನ್ನೆರಡು ಔನ್ಸಿನ ಡಾಕ್ಟರು

ಇಂಗ್ಲೆಂಡಿನ ಸೊಲಿಹಲ್ಲಿನ ಡಾಕ್ಟರ್ ದಿವಾಕರ ಅವರಿಗೆ ಆ ಭಾನುವಾರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕನ್ನಡ ಬಳಗದ ಯುಗಾದಿ ಊಟಕ್ಕೆ ಮುಂಚೆ ಅವರದೇ ಭಾಷಣ! ವಿಷಯ, ಐನೂರು ವರ್ಷದ ಹಿಂದೆ ವೆನಿಸ್ಸಿನಲ್ಲಿದ್ದ ಒಬ್ಬ ಸಾಹುಕಾರ. ದಿನಕ್ಕೆ ಹನ್ನೆರಡೇ ಔನ್ಸ್, ಅಂದರೆ ಸುಮಾರು ಮುನ್ನೂರ ನಲವತ್ತು ಗ್ರಾಂ, ತಿಂದು ಎಂಬತ್ತು ದಾಟಿದವನು. ಅವನು ವೈನನ್ನೂ ಅಳೆದು ಕುಡಿಯುತ್ತಿದ್ದ. ಆ ಅಳತೆಯನ್ನು ಮಾತ್ರ ಡಾಕ್ಟರು ಭಾಷಣದಿಂದ ತೆಗೆದುಹಾಕಿದ್ದರು.

"ಬರೀ ಹೇಳಿದ್ರೆ ಆಗುತ್ತಾ? ಇವತ್ತು ನೀವೂ ಅಷ್ಟೇ ತಿಂದು ತೋರಿಸಿ," ಎಂದು ಹೆಂಡತಿ ಚಂದ್ರಿಕಾ ಅಡುಗೆಮನೆಯ ತಕ್ಕಡಿಯನ್ನು ಅವರ ಕೈಗಿತ್ತಳು.

ಡಾಕ್ಟರು ಥಟ್ಟನೆ ಯೋಚಿಸಿದರು. ಬೆಳಗ್ಗೆ ಏನೂ ತಿನ್ನದಿದ್ದರೆ ಮಧ್ಯಾಹ್ನ ನಾಲ್ಕು ಹೋಳಿಗೆ ಹೊಡೆಯಬಹುದು! ಧಾರವಾಡದಿಂದ ಬಂದು ಇಲ್ಲೇ ನೆಲೆಸಿದ್ದ ಕಾಶೀಬಾಯಿಯವರ ಕೈಯ ಹೋಳಿಗೆ. ಅದಕ್ಕಾಗಿ ಅವರು ವರ್ಷವಿಡೀ ಕಾದಿದ್ದರು.

ಹೋಳಿಗೆ ಡಬ್ಬಿಗಳನ್ನು ಹಾಲ್‌ಗೆ ಸಾಗಿಸುವ ಕೆಲಸವೂ ಅವರಿಗೇ ಬಿದ್ದಿತ್ತು. ಒಂಬತ್ತಕ್ಕೆ ಕಾಶೀಬಾಯಿಯವರ ಬಾಗಿಲು ತಟ್ಟಿದರು. ಆ ಮನೆಯಿಂದ ಖಾಲಿ ಹೊಟ್ಟೆಯಲ್ಲಿ ಹೊರಬಿದ್ದವರು ಇಡೀ ಬರ್ಮಿಂಗ್‌ಹ್ಯಾಮಿನಲ್ಲಿ ಇಲ್ಲ.

"ಬರ್ರಿ ಡಾಕ್ಟ್ರ, ಉಪ್ಪಿಟ್ಟು ಬಿಸಿ ಐತಿ."

"ಬೇಡ ಬೇಡ, ಇವತ್ತು ನಂದು ಹನ್ನೆರಡೇ ಔನ್ಸ್ ವ್ರತ."

"ಸಂಕೋಚ ಮಾಡ್ಕೋಬ್ಯಾಡ್ರಿ. ಒಂದ ಚಮಚ!"

ಚಮಚವೆಂದರೆ ಸೌಟು. ನಮ್ಮಲ್ಲಿ ಮೊದಲ 'ಬೇಡ' ಮರ್ಯಾದೆಗೆ, ಎರಡನೆಯದು ಅಭ್ಯಾಸಕ್ಕೆ. ಮೂರನೆಯದನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಕೈ ಅಡ್ಡ ಹಿಡಿದರೆ ಬೆರಳಸಂದಿಯಲ್ಲೇ ಉಪ್ಪಿಟ್ಟು ಇಳಿಯಿತು. ಡಾಕ್ಟರು ಕಾರಿನಿಂದ ತಕ್ಕಡಿ ತಂದು ತೂಗಿದರು. ತಟ್ಟೆಯ ಭಾರ ಕಳೆದರೂ ಸರಿಯಾಗಿ ಹನ್ನೆರಡು ಔನ್ಸ್! ತಿಂದು ಎದ್ದಾಗ ಹೊಟ್ಟೆ ತುಂಬಿತ್ತು, ಎದೆ ಒಡೆದಿತ್ತು.

ಹಾಲ್‌ನಲ್ಲಿ ಮಕ್ಕಳ ನೃತ್ಯ ಮುಗಿಯುವ ಹೊತ್ತಿಗೆ ಗಂಟೆ ಮೂರು. ಉಪ್ಪಿಟ್ಟು ಯಾವಾಗಲೋ ಕರಗಿತ್ತು. ಅಡುಗೆ ಕಡೆಯಿಂದ ಏಲಕ್ಕಿಯ ಘಮ ಬಂದು ಡಾಕ್ಟರ ಬಾಯಲ್ಲಿ ನೀರೂರಿತು. ವ್ರತ ಹಾಳಾಗಿ ಹೋಗಲಿ! ಎಲ್ಲರೆದುರು ಎರಡು ಸಲ ಬೇಡ ಎನ್ನುವುದು, ಕಾಶೀಬಾಯಿ ಹೇಗೂ ಬಿಡುವುದಿಲ್ಲ, ಅವರ ಬಲವಂತಕ್ಕೆ ತಿಂದಂತಾಗುತ್ತದೆ. ಮಾನವೂ ಉಳಿಯಿತು, ಹೋಳಿಗೆಯೂ ಸಿಕ್ಕಿತು! ಆ ಖುಷಿಯಲ್ಲೇ ವೇದಿಕೆ ಹತ್ತಿದರು.

ಆದರೆ ಮೈಕು ಕೈಗೆ ಬಂದರೆ ಡಾಕ್ಟರಿಗೆ ಮೈಮೇಲೆ ಎಚ್ಚರ ಇರುವುದಿಲ್ಲ.

"ಆ ಸಾಹುಕಾರನಿಗೆ ಮನೆಯವರು ಬಲವಂತ ಮಾಡಿ ಎರಡೇ ಎರಡು ಔನ್ಸ್ ಹೆಚ್ಚಿಗೆ ತಿನ್ನಿಸಿದರು! ಏನಾಯಿತು? ಹಾಸಿಗೆ ಹಿಡಿದ! ಸಾಯೋದೊಂದು ಬಾಕಿ! ಬಂಧುಗಳೇ, ಬಲವಂತದ ಉಪಚಾರ ವಿಷಕ್ಕೆ ಸಮಾನ!"

ಚಪ್ಪಾಳೆಗೆ ಹಾಲ್ ನಡುಗಿತು. ಹಿಂದಿನ ಸಾಲಿನಲ್ಲಿ ಕಾಶೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಡಾಕ್ಟರು ಚಂದ್ರಿಕಾಳ ಪಕ್ಕ ಊಟಕ್ಕೆ ಕೂತರು. ಹೋಳಿಗೆ ತಟ್ಟೆ ಹಿಡಿದು ಕಾಶೀಬಾಯಿ ಬಂದೇಬಿಟ್ಟರು.

"ಬೇಡ," ಎಂದರು ಡಾಕ್ಟರು, ಗಂಭೀರವಾಗಿ. ಕಾಶೀಬಾಯಿ ನಿಂತರು.

"ಬೇಡ ಕಾಶೀಬಾಯಿಯವರೇ." ಈ ಸಲ ಕೈ ಮಾತ್ರ ಎಲೆಗೆ ಅಡ್ಡ ಹೋಗಲಿಲ್ಲ.

ಕಾಶೀಬಾಯಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. "ತಪ್ಪಾತ್ರಿ ಡಾಕ್ಟ್ರ! ಮುಂಜಾನೆ ನಾನ ಹನ್ನೆರಡು ಔನ್ಸ್ ತಿನ್ನಿಸೀನಿ. ಇನ್ನೊಂದ್ ತುತ್ತು ಹಾಕಿದ್ರ ನಿಮ್ಮನ್ನ ನಾನ ಕೊಂದಂಗ. ಇನ್ಮ್ಯಾಲೆ ಬ್ಯಾಡ ಅಂದವ್ರಿಗೆ ನಾ ಬಡಿಸೂದಿಲ್ಲ!"

ಇಡೀ ಪಂಕ್ತಿ ಮತ್ತೆ ಚಪ್ಪಾಳೆ ತಟ್ಟಿತು. ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಅವರ ನಾಲ್ಕು ಹೋಳಿಗೆಗಳು ಪಕ್ಕದ ಎಲೆಗೆ ಬಿದ್ದಿದ್ದವು.

ಚಂದ್ರಿಕಾ ಒಂದು ಸಲವೂ ಬೇಡ ಎನ್ನಲಿಲ್ಲ. "ತುಪ್ಪ ಸ್ವಲ್ಪ ಜಾಸ್ತಿ ಹಾಕಿ," ಎಂದಳು.