ನಿಂತು ನೋಡಲು ಬಾರದ ಕಿಟಕಿಗಳು

ನಮ್ಮ ಕಾಕಾನ ಮನೆಗೆ ಐದು ಕಿಟಕಿಗಳಿವೆ. ಅವುಗಳಲ್ಲಿ ಒಂದರಲ್ಲೂ ಮನುಷ್ಯರ ಹಾಗೆ ನೆಟ್ಟಗೆ ನಿಂತು ಹೊರಗೆ ನೋಡಲು ಬರುವುದಿಲ್ಲ! ಒಂದರಲ್ಲಿ ನೋಡಬೇಕಾದರೆ ನೆಲದ ಮೇಲೆ ಅಡ್ಡಾಗಬೇಕು. ಇನ್ನೊಂದರಲ್ಲಿ ನೋಡಬೇಕಾದರೆ ಏಣಿ ತರಬೇಕು. ಅಡುಗೆಮನೆಯದಂತೂ ಮೂಲೆಗೆ ಎಷ್ಟು ಒತ್ತಿಕೊಂಡಿದೆಯೆಂದರೆ ಗೋಡೆಗೆ ಕೆನ್ನೆ ಹಚ್ಚಿ ಒಂದೇ ಕಣ್ಣಿನಿಂದ ನೋಡಬೇಕು. ಇವನೇನೋ ಬಣ್ಣ ಹಚ್ಚಿ ಹೇಳುತ್ತಿದ್ದಾನೆ ಎನಿಸಿದರೆ ಗೋಕಾಕಕ್ಕೆ ಬನ್ನಿ. ಊರ ಹೊರಗಿನ ನಮ್ಮ ಹೊಸ ಬಡಾವಣೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಮೊದಲು ನಗುತ್ತಾರೆ, ಆಮೇಲೆ ದಾರಿ ತೋರಿಸುತ್ತಾರೆ.

ಬಡಾವಣೆ ಎಂದ ಮೇಲೆ ನಿಮಗೆ ಗೊತ್ತೇ ಇದೆಯಲ್ಲ. ಎಲ್ಲ ಮನೆಗಳಿಗೂ ಅದೇ ಕೆನೆಬಣ್ಣ, ಅದೇ ಗಾಜಿನ ಕಟಕಟೆ, ಅದೇ ಸಿಂಹದ ಮುಖದ ಗೇಟು. ಒಮ್ಮೆ ಕರೆಂಟು ಹೋದಾಗ ನಾನೇ ಬೇರೆಯವರ ಮನೆಯ ಗೇಟು ತೆಗೆದು ಒಳಗೆ ಹೋಗಿ ಚಪ್ಪಲಿ ಬಿಟ್ಟಿದ್ದೆ. ಆದರೆ ಕಾಕಾನ ಮನೆಯನ್ನು ಯಾರೂ ತಪ್ಪಿ ಹೊಗುವ ಸಂಭವವೇ ಇಲ್ಲ. ಒಂದು ಕಿಟಕಿ ಕಮಾನಿನದು, ಹಸಿರು ಬಾಗಿಲಿನದು. ಒಂದು ನೀಲಿ ಸರಳಿನದು. ಮತ್ತೊಂದು ಜೋಳದ ಭಾಕ್ರಿಯಷ್ಟು ದುಂಡಗೆ. ಐದು ಊರಿನ ಐದು ಮನೆಗಳು ಜಗಳವಾಡಿ ಒಂದೇ ಪ್ಲಾಟಿನಲ್ಲಿ ಬಂದು ಕೂತಂತೆ ಕಾಣುತ್ತದೆ.

ಕಾಕಾ ನಮ್ಮ ಅಪ್ಪನ ತಮ್ಮ. ಬುದ್ಧಿ ಬಂದಾಗಿನಿಂದ ಕುರಿಗಳ ಹಿಂದೆ ನಡೆದವನು. ಸುಗ್ಗಿ ಮುಗಿಯಿತೆಂದರೆ ಹೊಲದವರು ಗೊಬ್ಬರಕ್ಕಾಗಿ ಕುರಿ ತರುಬಲು, ಅಂದರೆ ರಾತ್ರಿ ಹೊಲದಲ್ಲೇ ಕೂಡಿಹಾಕಲು, ಕರೆಯುತ್ತಾರೆ. ಇವರ ಹೊಲದಲ್ಲಿ ನಾಲ್ಕು ರಾತ್ರಿ, ಅವರ ಹೊಲದಲ್ಲಿ ನಾಲ್ಕು ರಾತ್ರಿ, ಹೀಗೆ ಮೂಡಲಗಿ, ಹುಕ್ಕೇರಿ, ಕೌಜಲಗಿ ಎಂದು ವರ್ಷದ ಬಹುಪಾಲು ಕಾಕಾ ಮತ್ತು ಅವನ ಹೆಂಡತಿ, ನಮ್ಮ ಕಾಕು, ಬಯಲಿನಲ್ಲೇ ಕಳೆದರು. ಮಳೆ ಬಂದರೆ ಕಂಬಳಿಯೇ ಚಾವಣಿ. ಮೊಣಕಾಲು ಕೈಕೊಟ್ಟ ಮೇಲೆ ಕಾಕಾ ಹಿಂಡಿನ ಬಹುಪಾಲು ಮಾರಿ, ನನ್ನ ಮನೆಯ ಪಕ್ಕದಲ್ಲೇ ಪ್ಲಾಟು ಹಿಡಿದ. ಹತ್ತಿರದಲ್ಲಿ ನನ್ನಂಥ ಒಬ್ಬ ಮಾಸ್ತರ ಇದ್ದರೆ ಲೆಕ್ಕಪತ್ರಕ್ಕೆ ಒಳ್ಳೆಯದಂತೆ. ಮಾಸ್ತರನ ಮಾತು ಕೇಳಬೇಕೆಂದು ಮಾತ್ರ ಅವನಿಗೆ ಎಂದೂ ಅನಿಸಲಿಲ್ಲ!

ಎಂಜಿನಿಯರು ಬಹಳ ಚಂದದ ನಕ್ಷೆ ಮಾಡಿಕೊಟ್ಟಿದ್ದರು. ಕಾಕಾ ಅದನ್ನು ನೆಟ್ಟಗೆ ಹಿಡಿದು ನೋಡಿದ, ತಲೆಕೆಳಗು ಹಿಡಿದು ನೋಡಿದ, ಭಾರೀ ಆಗಿದೆ ಎಂದು ಹೊಗಳಿದ, ಮಡಚಿ ರುಮಾಲಿನೊಳಗೆ ಸಿಕ್ಕಿಸಿಕೊಂಡ. ಅಲ್ಲಿಗೆ ನಕ್ಷೆಯ ಕೆಲಸ ಮುಗಿಯಿತು. ಗೋಡೆ ಏಳುವ ಹೊತ್ತಿಗೆ ಅಂಕಲಗಿಯ ಗೌಂಡಿ ಟೇಪು ಹಿಡಿದುಕೊಂಡು ಬಂದು, ಕಿಟಕಿ ಎಷ್ಟು ಎತ್ತರಕ್ಕೆ ಇಡಲಿ ಎಂದು ಕೇಳಿದ. ಕಾಕಾ ಕೋಲು ಊರಿ ನಿಂತು ಕಣ್ಣು ಮುಚ್ಚಿದ. ಧ್ಯಾನಕ್ಕೇ ಕೂತನೇನೋ ಎನ್ನುವಷ್ಟು ಹೊತ್ತು ಹಾಗೇ ಇದ್ದು, ಕೋಲನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದ.

"ನಾ ನಿಂತಾಗ ಇಷ್ಟ ಮ್ಯಾಲ ಇತ್ತು."

"ಏನ್ ಇತ್ರಿ?"

"ಕಿಡಕಿ."

"ಕಾಕಾ, ಕಿಡಕಿ ಇನ್ನಾ ಇಟ್ಟ ಇಲ್ಲಲ್ರಿ!"

ಗೌಂಡಿ ನನ್ನ ಮುಖ ನೋಡಿದ. ನಾನು ಮೋಡ ನೋಡಿದೆ. ಎರಡನೆಯ ಕಿಟಕಿಗೆ ಕಾಕಾ ಮೊಣಕಾಲಿನ ಕೆಳಗೆ ಕೋಲು ತೋರಿಸಿದಾಗ ಗೌಂಡಿ ಕರಣಿ ಕೆಳಗಿಟ್ಟು ಬೀಡಿ ಹಚ್ಚಿದ. ಇಂಥ ಮನೆ ಕಟ್ಟಿದರೆ ಮುಂದೆ ನನ್ನನ್ನು ಯಾರು ಕರೆಯುತ್ತಾರೆ ಎಂದು ಅವನ ಸಂಕಟ. ನಾನು ಪೇಟೆಗೆ ಹೋಗಿ ಕರದಂಟು ತಂದುಕೊಟ್ಟು ಸಮಾಧಾನ ಮಾಡಿದೆ. ಅವನು ಉಳಿದದ್ದು ಕರದಂಟಿನ ಆಸೆಗೋ, ಇನ್ನೂ ಏನೇನು ಆಗುತ್ತದೆಂದು ನೋಡುವ ಕುತೂಹಲಕ್ಕೋ, ಗೊತ್ತಿಲ್ಲ. ಯಾಕೆ ಹೀಗೆ ಎಂದು ಕಾಕಾನನ್ನು ಕೇಳಿದರೆ ಒಂದೇ ಉತ್ತರ: "ನಿಮ್ಮ ಕಾಕು ಬಂದ ಮ್ಯಾಲ ತಿಳೀತೈತಿ." ಕಾಕುವೋ, ಉಳಿದ ನಾಲ್ಕು ಕುರಿ ನೋಡಿಕೊಂಡು ತುಕ್ಕಾನಟ್ಟಿಯ ಹಟ್ಟಿಯಲ್ಲಿದ್ದಳು. ಅವಳು ಮನೆಯನ್ನು ಇನ್ನೂ ಕಂಡಿರಲೇ ಇಲ್ಲ.

ನಮ್ಮ ಬಡಾವಣೆಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದಾರೆ. ಕೇಳದಿದ್ದರೂ ಸಲಹೆ ಕೊಡುವುದು ಅವರ ಸ್ವಭಾವ. ಅವರು ಒಂದು ಮಧ್ಯಾಹ್ನ ಕಾಕಾನಿಗೆ ಗಾಳಿ ಬೆಳಕಿನ ಮಹತ್ವ ತಿಳಿಸಲು ಬಂದರು. ಕಾಕಾ ಎಲ್ಲವನ್ನೂ ಕೇಳಿಕೊಂಡು, ಕೆಳಗಿನ ಕಿಟಕಿಯ ಹತ್ತಿರ ಕಂಬಳಿ ಹಾಸಿ, ಸ್ವಲ್ಪ ಅಡ್ಡಾಗಿ ನೋಡಿ ಎಂದ. ಅತ್ತ ಕಡೆಯಿಂದ ಕಬ್ಬಿನ ಹೊಲದ ತಂಪು ಗಾಳಿ. ಮಹತ್ವ ಅರ್ಧಕ್ಕೇ ನಿಂತು ಗೊರಕೆ ಶುರುವಾಯಿತು! ಅಂದಿನಿಂದ ಅವರು ದಿನಾ ಊಟವಾದ ಮೇಲೆ ಅದೇ ವಿಷಯ ಚರ್ಚಿಸಲು ಬರತೊಡಗಿದರು, ಬಗಲಲ್ಲಿ ದಿಂಬು ಇಟ್ಟುಕೊಂಡು.

ನನ್ನ ಹೆಂಡತಿ ಪಾಪ, ಪರದೆ ಹೊಲಿಸೋಣವೆಂದು ಐದೂ ಕಿಟಕಿಗಳ ಅಳತೆ ತೆಗೆದುಕೊಂಡು ಹೋದಳು. ಟೇಲರ್ ಅಳತೆ ನೋಡಿ, ಇವು ಪರದೆಯೋ ಮಕ್ಕಳ ಲಂಗವೋ ಎಂದು ಕೇಳಿದನಂತೆ. ದುಂಡನೆಯದಕ್ಕೆ ಟೋಪಿ ಹೊಲಿದುಕೊಡಲೇ ಎಂದನಂತೆ!

ಹೀಗೆ ನಗುತ್ತ ನಗುತ್ತ ಮಾತು ಊರು ದಾಟಿತು. ಒಂದು ದಿನ ಕಾಕು ಮೂಡಲಗಿಯ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಾಗ, ಪಕ್ಕದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಗೋಕಾಕದ 'ಹುಚ್ಚರ ಮನೆ'ಯ ವರ್ಣನೆ ಮಾಡುತ್ತ ಸುತ್ತಲಿನವರನ್ನು ನಗಿಸುತ್ತಿದ್ದಳು. ನೆಲಕ್ಕೆ ಹತ್ತಿದ ಕಿಟಕಿ, ಮುಗಿಲಿಗೆ ಹತ್ತಿದ ಕಿಟಕಿ! ಅದು ತನ್ನದೇ ಮನೆ ಎಂದು ಕಾಕುವಿಗೆ ತಿಳಿಯಿತು. ಮೆಣಸಿನಕಾಯಿಯನ್ನು ಅಲ್ಲೇ ಬಿಟ್ಟು ಹಟ್ಟಿಗೆ ಹೋದವಳು, ಆ ಮನೆಯಲ್ಲಿ ಕಾಲಿಡುವುದಿಲ್ಲ ಎಂದು ಹೇಳಿ ಕಳುಹಿಸಿದಳು.

ವಾಸ್ತುಶಾಂತಿ ಹತ್ತಿರ ಬಂದಿತ್ತು. ಹೆಂಡತಿ ಪಕ್ಕದಲ್ಲಿ ಕೂರದೆ ಪೂಜೆ ನಡೆಯುವುದಿಲ್ಲ ಎಂದು ಅಯ್ಯನವರು ಹೇಳಿಬಿಟ್ಟರು. ಎಂಜಿನಿಯರಿಗೆ, ಗೌಂಡಿಗೆ, ಇಡೀ ಬಡಾವಣೆಗೆ ಹೆದರದ ಕಾಕಾ ಅವತ್ತು ಮುದ್ದೆಯಾಗಿ ಕೂತುಬಿಟ್ಟ. ನಮ್ಮ ಮನೆಯಿಂದ ಕಳಿಸಿದ ಭಾಕ್ರಿಯನ್ನು ನಾಯಿಗೆ ಹಾಕಿದ. ಕುರಿಗಳ ಜೊತೆ ಮಾತಾಡಿ ಮಾತಾಡಿ ಮನುಷ್ಯರ ಜೊತೆ ಮಾತು ಮರೆತವನು, ಕಾಕುವಿಗೆ ಹೋಗಿ ಏನು ಹೇಳಿಯಾನು?

"ತಮ್ಮಾ, ನೀ ಹೋಗಿ ಕರಕೊಂಡ ಬಾ," ಎಂದ. "ಒಮ್ಮೆ ಕಣ್ಣಿಲೆ ನೋಡ್ಲಿ. ನೋಡಿ ಬ್ಯಾಡ ಅಂದ್ರ ಎಲ್ಲಾ ಒಡಸ್ತೇನಿ. ಆಕಿ ಹೇಳಿದಂಗ ಕಟ್ಟಸ್ತೇನಿ."

ನಾನು ಬೈಕು ತೆಗೆದುಕೊಂಡು ತುಕ್ಕಾನಟ್ಟಿಗೆ ಹೋದೆ. ಬರುವುದಿಲ್ಲ ಎಂದವಳು, ಒಡೆಸುವ ಮಾತು ಕೇಳಿದ ಮೇಲೆ ಎದ್ದಳು. ಏನೇನು ಒಡೆಯಬೇಕೆಂದು ತಾನೇ ನಿಂತು ಹೇಳುತ್ತಾಳಂತೆ. ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಕೂತು ಕಾಕಾನ ಹುಟ್ಟಿದೂರು ಬೆಳೆದೂರು ಎಲ್ಲ ಜಾಲಾಡಿದಳು.

ಗೇಟಿನಲ್ಲಿ ಇಳಿದವಳು ಮನೆಯೊಳಗೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊರಗಿನಿಂದ ಮನೆಯ ಸುತ್ತ ಹೊರಟಳು. ಕಾಕಾ ದೂರದಿಂದ ಹಿಂಬಾಲಿಸಿದ. ಗೌಂಡಿ ಸುತ್ತಿಗೆ ಹಿಡಿದು ಸಿದ್ಧನಾಗಿ ನಿಂತಿದ್ದ. ಹಸಿರು ಬಾಗಿಲಿನ ಕಮಾನು ಕಿಟಕಿಯ ಕೆಳಗೆ ಬಂದವಳು ತಲೆ ಎತ್ತಿ ನೋಡಿದಳು. ನೋಡುತ್ತಲೇ ಇದ್ದಳು.

"ಇದು ಹುಕ್ಕೇರಿದಲ್ಲಾ?" ಎಂದಳು ಮೆಲ್ಲಗೆ. "ಶೇಂಗಾದ ಹೊಲದ ಬಾಜೂ ಇತ್ತಲ್ರಿ ಆ ಮನಿ. ಒಬ್ಬಾಕಿ ಕುಂತು ತಲಿ ಬಾಚಕೋತಿದ್ಲು."

ಕಾಕಾ ತಲೆ ಆಡಿಸಿದ.

ನೀಲಿ ಸರಳಿನದನ್ನು ಮುಟ್ಟಿ ನೋಡಿ, ಇದು ಮೂಡಲಗಿಯದು ಎಂದಳು. ದುಂಡನೆಯದು ಕೌಜಲಗಿಯದು. ಉಳಿದೆರಡರ ಊರನ್ನೂ ಗುರುತಿಸಿದಳು. ಆಗ ನನಗೂ ನಿಧಾನವಾಗಿ ತಿಳಿಯಿತು. ಹಿಂಡು ತರುಬಿದ ಹೊಲದಲ್ಲೆಲ್ಲ ಕಾಕು ಮೂರು ಕಲ್ಲು ಹೂಡಿ ಭಾಕ್ರಿ ಬಡಿಯುತ್ತ, ಹತ್ತಿರದ ಮನೆ ನೋಡಿ, ಅಂಥ ಕಿಟಕಿ ನಮಗೂ ಇದ್ದರೆ ಎಷ್ಟು ಚಂದ ಎನ್ನುತ್ತಿದ್ದಳಂತೆ. ಹೇಳಿದವಳು ಮರೆತಿದ್ದಳು. ಕೇಳಿದವನು ಒಂದನ್ನೂ ಮರೆತಿರಲಿಲ್ಲ.

ಆಮೇಲೆ ಒಳಗೆ ಬಂದಳು. ಒಳಗಿನಿಂದ ಕಿಟಕಿಗಳನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟಳು.

"ಅಲ್ರಿ, ಹುಕ್ಕೇರಿದು ಇಷ್ಟ ಮ್ಯಾಲ ಯಾಕ ಇಟ್ರಿ?"

"ಆ ಮನಿ ದಿಬ್ಬದ ಮ್ಯಾಲ ಇತ್ತು. ನಾವು ತೆಳಗ ಹೊಲದಾಗ ಇದ್ವಿ."

"ಮತ್ತ ಇದು? ನೆಲಕ್ಕ ಹತ್ತೈತಲ್ಲ?"

"ಮೂಡಲಗ್ಯಾಗ ನಾವು ಕಾಲುವಿ ಒಡ್ಡಿನ ಮ್ಯಾಲ ಇದ್ವಿ, ಮನಿ ತೆಳಗಿತ್ತು." ಕಾಕಾ ಕೋಲಿನ ತುದಿ ನೋಡಿದ. "ಹೊರಗಿಂದ ಹೆಂಗ ಕಂಡಿತ್ತೋ ಹಂಗ ಇಡಿಸೇನಿ. ಒಳಗಿಂದ ಹೆಂಗ ಇರತೈತಿ ಅಂತ ನಾ ಎಂದ ನೋಡೇನಿ?"

ಗೌಂಡಿ ಸುತ್ತಿಗೆಯನ್ನು ಬೆನ್ನ ಹಿಂದೆ ಸರಿಸಿದ. ಕಾಕು ಮಾತ್ರ ನಗತೊಡಗಿದಳು. ನಕ್ಕು ನಕ್ಕು ಕಣ್ಣೀರು ಬಂತು. ಸೆರಗಿನಿಂದ ಒರೆಸಿಕೊಂಡರೂ ನಿಲ್ಲಲಿಲ್ಲ. ಆಮೇಲೆ ಮೂಡಲಗಿಯ ಕಿಟಕಿಯ ಪಕ್ಕ ನೆಲದ ಮೇಲೆ ಅಡ್ಡಾಗಿ, ಕೈ ತಲೆಗಿಟ್ಟುಕೊಂಡು ಹೊರಗೆ ನೋಡಿದಳು. ಹೊಲದ ಬದುವಿನ ಮೇಲೆ ಯಾರದೋ ಹಿಂಡು ಹೊರಟಿತ್ತು.

"ನಾವು ಆ ಮನಿಯವರಿಗೆ ಹಿಂಗ ಕಾಣತಿದ್ವೇನ್ರಿ?" ಎಂದಳು.

ಯಾವ ಕಿಟಕಿಯನ್ನೂ ಒಡೆಯಲಿಲ್ಲ. ಪೂಜೆಗೆ ಕಾಕು ಹೊಸ ಇಳಕಲ್ ಸೀರೆ ಉಟ್ಟು ಕಾಕಾನ ಪಕ್ಕದಲ್ಲಿ ಕೂತಳು. ಹೆಡ್‌ಮಾಸ್ತರರಿಗೆ ಮಾತ್ರ ಸ್ವಲ್ಪ ತೊಂದರೆಯಾಗಿದೆ. ಅವರ ಜಾಗದಲ್ಲಿ ಈಗ ಮಧ್ಯಾಹ್ನ ಕಾಕು ಮಲಗುತ್ತಾಳೆ.

ಸುಗ್ಗಿ ಮುಗಿದ ಮೇಲೆ ನಮ್ಮ ಬಡಾವಣೆಯ ಹಿಂದಿನ ಹೊಲಗಳಿಗೆ ಕುರಿ ತರುಬುವವರು ಬಂದರು. ಮೊನ್ನೆ ಸಂಜೆ ಅವರಲ್ಲೊಬ್ಬಳು, ಕಂಕುಳಲ್ಲಿ ಮರಿ ಎತ್ತಿಕೊಂಡು, ಹಸಿರು ಬಾಗಿಲಿನ ಕಿಟಕಿಯ ಕೆಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದಳು. ಕಾಕಾ ಏಣಿ ತಂದು ಒಳಗಿನ ಗೋಡೆಗೆ ಆನಿಸಿ ಹಿಡಿದುಕೊಂಡ. ಕಾಕು ಬಾಗಿಲಿಗೆ ಬಂದು ಕರೆದಳು.

"ಹೊರಗ ಯಾಕ ನಿಂತಿ ಯವ್ವಾ? ಒಳಗ ಬಾ. ಒಳಗಿಂದ ನೋಡ ಬಾ."