ಸಿರಿಂಜ್ ಬಿಡದ ಗಿಣಿಮರಿ

ಗಿಣಿಮರಿಗೆ ತುತ್ತು ಕೊಟ್ಟು ಸಾಕುವವನ ಮನೆಯಲ್ಲಿ ನಗುವುದಕ್ಕೆ ಬೇರೇನೂ ಬೇಕಿಲ್ಲ. ಒಂದು ಮರಿ ರೆಕ್ಕೆ ಬಲಿತು ಹೊರಡುವಷ್ಟರಲ್ಲಿ ಬಂದವರು ಹೋದವರನ್ನೆಲ್ಲ ಸೇರಿಸಿ ಒಂದು ನಾಟಕ ಆಡಿಸಿಬಿಟ್ಟಿರುತ್ತದೆ.

ಹಾಸನದಲ್ಲಿ ನನ್ನದು ಬಣ್ಣದ ಮೀನು, ಸಾಕುಹಕ್ಕಿಗಳ ಅಂಗಡಿ. ನಮ್ಮ ತೋಟದ ಹಸಿರು ಗಿಣಿಯನ್ನು ಸಾಕುವುದು ಕಾನೂನಿಗೆ ವಿರುದ್ಧ, ಅದರ ತಂಟೆಗೆ ನಾನು ಹೋಗುವುದಿಲ್ಲ. ನನ್ನವು ಹೊರದೇಶದ ತಳಿಗಳು. ಎಳೇ ಮರಿಯನ್ನು ತಂದು, ಬೆಚ್ಚಗಿನ ಗಂಜಿಯನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಕುಡಿಸಿ ಬೆಳೆಸುತ್ತೇನೆ. ಆಮೇಲೆ ಮೆಲ್ಲಗೆ ಗಂಜಿ ಬಿಡಿಸಿ, ತಾನಾಗಿ ಕಾಳು ಒಡೆದು ತಿನ್ನುವುದನ್ನು ಕಲಿಸುತ್ತೇನೆ. ಅದು ಕಲಿಯುವ ತನಕ ಮರಿ ನನ್ನ ಹೊಸ್ತಿಲು ದಾಟುವಂತಿಲ್ಲ. ಈ ಕೆಲಸದಲ್ಲಿ ಜಿಲ್ಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬೇರೆ ಯಾರಾದರೂ ಈ ಮಾತು ಹೇಳಲಿ ಅಂತ ಬಹಳ ದಿನ ಕಾದೆ. ಯಾರೂ ಹೇಳಲಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಅಂಥ ನನ್ನ ಹೆಸರಿಗೆ ಮಸಿ ಬಳಿಯಲು ಹೋದ ವರ್ಷ ಒಂದು ಹಳದಿ ಮರಿ ಟೊಂಕ ಕಟ್ಟಿ ನಿಂತಿತ್ತು.

ಯಾವೂರ ಡಾಕ್ಟ್ರು

ಆ ಮರಿಯನ್ನು ಅರಕಲಗೂಡಿನ ಸ್ನೇಹಿತನ ಮನೆಯಿಂದ ಬಸ್ಸಿನಲ್ಲಿ ತರುತ್ತಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಮರಿಯ ಹೊಟ್ಟೆಗೆ ಬಸ್ಸು ಕೆಟ್ಟದ್ದು ಗೊತ್ತಾಗುತ್ತದೆಯೇ? ಅದು ಕಿರುಚಲು ಶುರು ಮಾಡಿತು. ನಾನು ಫ್ಲಾಸ್ಕ್ ತೆಗೆದು, ಸಿರಿಂಜಿಗೆ ಗಂಜಿ ತುಂಬಿದೆ. ಕೊಣನೂರಿನಿಂದಲೇ ಬಂದು ಪಕ್ಕದಲ್ಲಿ ಕೂತಿದ್ದ ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ, ಇಷ್ಟುದ್ದ ಕೂಸ್ಗೆ ಇಂಜೆಕ್ಷನ್ ಕೊಡ್ತೀಯಲ್ಲಪ್ಪ!"

"ಇಂಜೆಕ್ಷನ್ ಅಲ್ಲ ಕಣಜ್ಜಿ, ಗಂಜಿ" ಎಂದು ಕುಡಿಸತೊಡಗಿದೆ.

ಗಿಣಿಮರಿಯ ಕುತ್ತಿಗೆಯ ಬುಡದಲ್ಲಿ ಒಂದು ಚೀಲ ಇರುತ್ತದೆ. ಗಂಜಿ ಮೊದಲು ಅದರಲ್ಲಿ ತುಂಬಿ ನಿಂಬೆಹಣ್ಣಿನಷ್ಟು ಉಬ್ಬುತ್ತದೆ. ಅಜ್ಜಿ ಅದನ್ನೇ ನೋಡುತ್ತಿದ್ದರು. ಉಬ್ಬಿದ್ದು ಕಂಡದ್ದೇ ತಡ, ಎದ್ದು ನಿಂತು ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು: "ನೋಡ್ರಪ್ಪೋ, ಚೆನ್ನಾಗಿದ್ದ ಕೂಸ್ಗೆ ನನ್ ಕಣ್ಮುಂದೇನೇ ಗಂಟ್ಲಲ್ಲಿ ಗಡ್ಡೆ ಬರುಸ್ಬುಟ್ಟ! ಯಾವೂರ ಡಾಕ್ಟ್ರುಲಾ ನೀನು?"

ಮೇಷ್ಟ್ರ ಪ್ರಯೋಗ

ಮರಿಯನ್ನು ಕೊಳ್ಳಲು ಒಪ್ಪಿದ್ದವರು ಚನ್ನರಾಯಪಟ್ಟಣದ ನಿವೃತ್ತ ಹೆಡ್‌ಮಾಸ್ಟರು. ಹಕ್ಕಿ ಬೇಕು ಅಂದವರು ಅವರ ಹೆಂಡತಿ. ಆದರೆ ಅದರ ಬಗ್ಗೆ ಮೊಬೈಲಿನಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸಿದ್ದವರು ಮೇಷ್ಟ್ರು. ಇಬ್ಬರೂ ಮರಿ ನೋಡಲು ನಮ್ಮ ಮನೆಗೆ ಬಂದರು.

"ಗಂಜಿ ಕುಡಿಯೋ ಮರೀನೇ ಕೊಡಪ್ಪಾ. ನಮ್ಮ ಕೈಯಾರೆ ಕುಡಿಸಿದ್ರೆ ನಮ್ಮನ್ನೇ ಹಚ್ಕೊಳ್ಳುತ್ತೆ ಅಂತೆ" ಎಂದರು.

"ಇಲ್ಲ ಮೇಷ್ಟ್ರೇ. ಹಚ್ಚಿಕೊಳ್ಳೋದು ಆಮೇಲೆ. ಅಭ್ಯಾಸ ಇಲ್ಲದ ಕೈಲಿ ಗಂಜಿ ಉಸಿರಿನ ಕೊಳವೆಗೆ ಹೋದ್ರೆ ಮರಿ ಸತ್ತೇ ಹೋಗುತ್ತೆ" ಎಂದೆ.

ಅವರು ಒಪ್ಪಲಿಲ್ಲ. ಸರಿ, ನಾನೇ ಪಕ್ಕದಲ್ಲಿ ನಿಂತು, ಎರಡು ತೊಟ್ಟು ಮಾತ್ರ ತುಂಬಿ ಸಿರಿಂಜ್ ಕೈಗೆ ಕೊಟ್ಟೆ. ಗಂಜಿ ಕಂಡರೆ ಮರಿ ಕತ್ತನ್ನು ಮೇಲೆ ಕೆಳಗೆ ಜಗ್ಗುತ್ತದೆ, ಅದು ಅದರ ಹುಟ್ಟುಗುಣ. ಮೇಷ್ಟ್ರು ಅದು ಕಚ್ಚಲು ಬಂತು ಅಂದುಕೊಂಡು ಹಿಂದಕ್ಕೆ ಜಿಗಿದು ಸಿರಿಂಜ್ ಒತ್ತಿಬಿಟ್ಟರು. ಎರಡು ತೊಟ್ಟೂ ನೇರ ಅವರ ಕನ್ನಡಕದ ಎರಡು ಗಾಜಿಗೆ ಒಂದೊಂದರಂತೆ ಬಿದ್ದವು.

ಅವರ ಹೆಂಡತಿ ಸೆರಗಿನಿಂದ ಕನ್ನಡಕ ಒರೆಸುತ್ತಾ ಹೇಳಿದರು: "ಮನೇಲಿ ಕಾಫಿ ಬಗ್ಗಿಸ್ಕೊಳ್ಳಕ್ಕೆ ಬರಲ್ಲ ಇವರಿಗೆ. ಗಿಣಿಗೆ ಕುಡಿಸ್ತಾರಂತೆ ಗಿಣಿಗೆ!"

"ಬರುವ ಭಾನುವಾರ ಬನ್ನಿ" ಎಂದೆ ನಾನು, ಮೀಸೆ ತಿರುವಿ. "ತಾನೇ ತಿನ್ನೋ ಮರೀನ ಕೈಗೆ ಕೊಡ್ತೀನಿ. ನನ್ನ ಮಾತು ಅಂದ್ರೆ ಮಾತು."

ಬೇವಿನ ವೈದ್ಯ

ಮಾತು ಕೊಟ್ಟ ಮಾರನೇ ದಿನದಿಂದಲೇ ಮರಿ ಹಟಕ್ಕೆ ಬಿತ್ತು. ತಟ್ಟೆ ತುಂಬ ನವಣೆ, ಬೇಯಿಸಿದ ಜೋಳ, ತುರಿದ ಕ್ಯಾರೆಟ್ ಇಟ್ಟರೆ ಅದರ ಮೇಲೆ ಹತ್ತಿ ಕೂತು ನಿದ್ದೆ ಮಾಡುತ್ತಿತ್ತು. ಸಿರಿಂಜ್ ಕಂಡರೆ ಮಾತ್ರ ಕತ್ತು ಜಗ್ಗುತ್ತಿತ್ತು.

ಹೊಳೆನರಸೀಪುರದ ಕಡೆಯವಳಾದ ನಮ್ಮವ್ವ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. "ನೀನೂ ಇಂಗೇಯ ಮೊಲೆ ಬುಡ್ದೆ ರಂಪ ಮಾಡ್ತಿದ್ದೆ ಕಣ್ಲಾ. ಬೇವ್ನ ಸೊಪ್ಪು ಅರ್ದು ಅಚ್ಚಿದ್ದೇ, ಒಂದೇ ದಿನಕ್ಕೆ ಬುಟ್ಟೆ."

ನಮ್ಮ ಕಡೆ ಮಕ್ಕಳಿಗೆ ಹಾಲು ಬಿಡಿಸುವುದು ಹಾಗೆಯೇ. ನಾನು ಅಂಗಡಿಗೆ ಹೋದ ಹೊತ್ತಿನಲ್ಲಿ ಅವ್ವ ಬೇವು ಅರೆದು ಸಿರಿಂಜಿನ ಮೂತಿಗೆ ಮೆತ್ತಿದ್ದಾಳೆ. ಮನುಷ್ಯರ ಮಗುವಾಗಿದ್ದರೆ ಮುಖ ಕಿವುಚುತ್ತಿತ್ತು. ಆದರೆ ಬೇವು ಅಂದರೆ ಗಿಣಿಗೆ ಪಂಚಪ್ರಾಣ ಎಂಬುದು ಅವ್ವನಿಗೆ ಎಲ್ಲಿ ಗೊತ್ತಿರಬೇಕು? ನಾನು ಬಂದು ನೋಡುವಾಗ ಮರಿ ಸಿರಿಂಜನ್ನು ತಳದವರೆಗೂ ನೆಕ್ಕಿ, ಅವ್ವನ ಬೆರಳನ್ನೂ ನೆಕ್ಕುತ್ತಿತ್ತು. ಅಂದಿನಿಂದ ಬೇವು ಹಚ್ಚದ ಸಿರಿಂಜನ್ನು ಅದು ಮೂಸಿಯೂ ನೋಡಲಿಲ್ಲ.

"ಏನವ್ವಾ ಮಾಡಿದೆ ನೀನು!" ಎಂದು ತಲೆ ಚಚ್ಚಿಕೊಂಡೆ.

"ಬುಡ್ಲಾ, ಜಂತುಳ ಆಗಕ್ಕಿಲ್ಲ" ಎಂದಳು ಅವ್ವ.

ಉಪಚಾರ

ಶನಿವಾರದ ಹೊತ್ತಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು. ಗಂಜಿ ಕಡಿಮೆ ಮಾಡಿದ್ದಕ್ಕೆ ಮರಿಯ ತೂಕ ಇಳಿದಿತ್ತು, ಎದೆಮೂಳೆ ಕೈಗೆ ಸಿಗುತ್ತಿತ್ತು. ಮತ್ತೆ ಎರಡು ಹೊತ್ತು ಗಂಜಿ ಕೊಟ್ಟೆ. ನಾನು, ಹೆಂಡತಿ, ಅವ್ವ ಮೂವರೂ ತಟ್ಟೆಯ ಸುತ್ತ ಕೂತು "ತಿನ್ನು ಬಂಗಾರಿ, ಒಂದು ಕಾಳು ತಿನ್ನು" ಅಂತ ಗೋಗರೆದದ್ದೇ ಬಂತು.

ಭಾನುವಾರ ಮಧ್ಯಾಹ್ನ ಕೊನೆಯ ಅಸ್ತ್ರ ತೆಗೆದೆ. ಗಿಣಿಗಳು ಗುಂಪಿನಲ್ಲಿ ನೋಡಿ ಕಲಿಯುತ್ತವೆ. ಹಾಗಾಗಿ ನೆಲದ ಮೇಲೆ ಮೊಣಕಾಲೂರಿ, ನವಣೆಯ ತಟ್ಟೆಗೆ ಮೂಗು ತಾಗಿಸಿ ಕಟಕಟ ಹಲ್ಲು ಕಡಿಯುತ್ತಾ ಕುಕ್ಕತೊಡಗಿದೆ. ತಲೆಯೆತ್ತಿದರೆ ಬಾಗಿಲಲ್ಲಿ ಮೇಷ್ಟ್ರ ದಂಪತಿ ನಿಂತಿದ್ದರು. ನನ್ನ ಮೀಸೆಗೆಲ್ಲ ನವಣೆ.

"ರೀ, ನಾವು ಹೇಳಿಟ್ಟಿದ್ದು ಯಾವ ಹಕ್ಕೀನ?" ಎಂದು ಕೇಳಿದರು ಮೇಷ್ಟ್ರ ಹೆಂಡತಿ.

ಇದ್ದದ್ದನ್ನು ಹೇಳಿದೆ. ಮೇಷ್ಟ್ರಿಗೆ ಸಿಟ್ಟು ಬಂತು. "ಮಾತು ಅಂದ್ರೆ ಮಾತು ಅಂದಿದ್ದೆ. ಸಿರಿಂಜ್ ಕೊಡು, ಇವತ್ತೇ ತಗೊಂಡು ಹೋಗ್ತೀನಿ, ನಾನೇ ಕುಡಿಸ್ಕೋತೀನಿ!"

ಅವರ ಕೈಯಲ್ಲಿ ಸಿರಿಂಜ್ ಎಂದರೆ ಮರಿಯ ಕಥೆ ಮುಗಿದ ಹಾಗೆ. "ನನ್ನ ಹೆಸರು ಕೆಟ್ರೂ ಚಿಂತೆಯಿಲ್ಲ, ಕೊಡಲ್ಲ" ಎಂದೆ. ಅವರೂ ಸೋಲಲಿಲ್ಲ, ದನಿ ಏರಿಸಿದರು. ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದು, "ಜಗ್ಳ ಆಮೇಕಾಡ್ಕಳಿ, ಮೊದ್ಲು ಉಣ್ಣಿ" ಎಂದು ಮುದ್ದೆ ಇಕ್ಕಿಯೇಬಿಟ್ಟಳು.

ಊಟದ ಹೊತ್ತಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ನಮ್ಮ ಕಡೆ ಮಾನ ಹೋಗುತ್ತದೆ. ಒಂದೇ ಮುದ್ದೆಗೆ ಸುಮ್ಮನಾದರೆ ಇನ್ನೂ ಹೆಚ್ಚು ಹೋಗುತ್ತದೆ. ಮೇಷ್ಟ್ರು ಎರಡು ಮುದ್ದೆ ಮುಗಿಸಿ, ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು "ಸಾಕು ಅಮ್ಮಾ, ಸಾಕು" ಎಂದು ಕೂತರು. ಅವ್ವ ಮುದ್ದೆ ಹಿಡಿದು ನಿಂತಳು. ನನ್ನ ಹೆಂಡತಿ ಸಾರಿನ ಸೌಟು ಹಿಡಿದು ನಿಂತಳು. ನಾನು "ಇನ್ನೊಂದು, ಚಿಕ್ಕದು" ಎಂದು ಒತ್ತಾಯಿಸತೊಡಗಿದೆ. ಜಗಳವೂ ಮರೆತುಹೋಯಿತು, ಮರಿಯೂ ಮರೆತುಹೋಯಿತು.

ತಟ್ಟನೆ ಮೇಷ್ಟ್ರ ಕಣ್ಣರಳಿತು. "ಅಲ್ನೋಡಿ!" ಎಂದು ಎರಡೂ ಕೈ ಎತ್ತಿ ನಮ್ಮ ಬೆನ್ನ ಹಿಂದೆ ತೋರಿಸಿದರು. "ತಿಂತಾ ಇದೆ! ತಾನೇ ತಿಂತಾ ಇದೆ!"

ತಿರುಗಿ ನೋಡಿದೆ. ಮರಿ ನವಣೆಯ ತಟ್ಟೆಯ ಅಂಚಿನಲ್ಲಿ ನಿಂತು ಚಿಟಚಿಟ ಕಾಳು ಒಡೆದು, ಸಿಪ್ಪೆ ಉಗಿದು, ಮತ್ತೊಂದು ಕಾಳಿಗೆ ಬಾಗುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ತಿರುಗಿ ನೋಡದವಳು ಅವ್ವ ಒಬ್ಬಳೇ. ಮೇಷ್ಟ್ರ ಕೈ ಮೇಲೆದ್ದ ಗಳಿಗೆಯಲ್ಲೇ ಅವಳು ತಟ್ಟೆಗೆ ಮೂರನೇ ಮುದ್ದೆ ಇಳಿಸಿ ಆಗಿತ್ತು.

"ಇನ್ನೊಂದು ವಾರ ಇಟ್ಕೊಂಡು, ಗಟ್ಟಿಯಾದ ಮೇಲೆ ನಾನೇ ತಂದು ಕೊಡ್ತೀನಿ" ಎಂದೆ. ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು.

ಅವ್ವ ಈಗ ಮರಿಯ ಕಡೆ ನೋಡಿ, ನನಗೆ ಬುದ್ಧಿ ಹೇಳಿದಳು: "ಎದುರ್ಗೆ ಕುಂತ್ಕಂಡು ಉಣ್ಣು ಉಣ್ಣು ಅಂತ ಪ್ರಾಣ ತಿಂದ್ರೆ ಯಾರ್ಲಾ ಉಣ್ತಾರೆ? ಬುಟ್ಬುಟ್ರೆ ತಾನೇ ಉಣ್ತದೆ."

ಮೇಷ್ಟ್ರ ಮುಖದಲ್ಲಿ ಆಸೆ ಮೂಡಿತು. "ಅಮ್ಮಾ, ಅದೇ ಮಾತು ನನಗೂ ಅನ್ವಯಿಸಬೋದಲ್ವಾ?"

"ಅದು ಗಿಣಿ ಕಣಪ್ಪ, ನೀವು ನೆಂಟ್ರು" ಎಂದು ಅವ್ವ ನನ್ನ ಹೆಂಡತಿಯ ಕೈಯಿಂದ ಸೌಟು ಕಿತ್ತುಕೊಂಡು ಸಾರು ಸುರಿದಳು. "ಉಣ್ಣಿ."